ಸಂಶ್ಲೇಷಿತ ಜೀವ ಮತ್ತು ಬೀಜದ ಒಡೆತನ: ಮಲೆನಾಡಿನ ನೆಲೆಯಿಂದ ಒಂದು ವಿವೇಚನೆ

2010ರ ಮೇ 20ರಂದು ಅಮೆರಿಕದ ಜೆ. ಕ್ರೇಗ್ ವೆಂಟರ್ ಸಂಸ್ಥೆಯು, ಪೂರ್ಣವಾಗಿ ಸಂಶ್ಲೇಷಿಸಿದ ಜೀನೋಮಿನ ಆಣತಿಯಂತೆ ಬಾಳುವ ಬ್ಯಾಕ್ಟೀರಿಯ ಕೋಶವೊಂದನ್ನು ಪಡೆದಿರುವುದಾಗಿ ಪ್ರಕಟಿಸಿತು. ಮನುಷ್ಯನು ಜೀವವನ್ನೇ ಸೃಷ್ಟಿಸಿದನೆಂಬ ಸುದ್ದಿ ಜಗತ್ತಿನಾದ್ಯಂತ ಹರಡಿತು. ಅದಕ್ಕೆ ಮೂರೂವರೆ ತಿಂಗಳ ಹಿಂದೆ, ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ ಬಿ.ಟಿ. ಬದನೆಯ ಕುರಿತು ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರ ಸಮ್ಮುಖದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಿತ್ತು. ಈ ಎರಡು ಘಟನೆಗಳನ್ನು ಒಟ್ಟಿಗಿಟ್ಟು ನೋಡಿದ ಬರಹಗಳು ವಿರಳ. ಪಶ್ಚಿಮದಲ್ಲಿ ಚರ್ಚೆಯು ‘ಮನುಷ್ಯ ದೇವರ ಸ್ಥಾನಕ್ಕೆ ಏರಬಹುದೇ?’ ಎಂಬ ಪ್ರಶ್ನೆಯ ಸುತ್ತ ಸುತ್ತಿದರೆ, ಕರ್ನಾಟಕದಲ್ಲಿ ಕೇಳಿಬಂದದ್ದು ‘ಬೀಜ ಯಾರದು?’ ಎಂಬ ಪ್ರಶ್ನೆ. ಸಂಶ್ಲೇಷಿತ ಜೀವವಿಜ್ಞಾನದ ತಿರುಳಿಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಸಮೀಪವಾದುದೆಂಬುದು ಪ್ರಸ್ತುತ ಲೇಖನದ ನಿಲುವು.

ಮೊದಲಿಗೆ, ವೆಂಟರ್ ತಂಡ ಮಾಡಿದ್ದೇನು ಎಂಬುದನ್ನು ತಿಳಿಯಬೇಕು. ಆಡುಗಳಿಗೆ ರೋಗ ತರುವ ಮೈಕೋಪ್ಲಾಸ್ಮ ಮೈಕಾಯಿಡಿಸ್ ಎಂಬ ಬ್ಯಾಕ್ಟೀರಿಯದ ಡಿಎನ್‌ಎ ಅನುಕ್ರಮವು ಗಣಕದಲ್ಲಿ ಅಕ್ಷರರೂಪದಲ್ಲಿ ದಾಖಲಾಗಿತ್ತು. ಅದನ್ನು ಆಧರಿಸಿ ತಲಾ ಸುಮಾರು 1,080 ಪ್ರತ್ಯಾಮ್ಲ ಜೋಡಿಗಳುಳ್ಳ ತುಣುಕುಗಳನ್ನು ರಾಸಾಯನಿಕವಾಗಿ ತಯಾರಿಸಲಾಯಿತು. ಸಾವಿರಕ್ಕೂ ಮಿಕ್ಕಿದ ಈ ತುಣುಕುಗಳನ್ನು ಯೀಸ್ಟ್ ಕೋಶಗಳ ನೆರವಿನಿಂದ ಮೂರು ಹಂತಗಳಲ್ಲಿ ಹೆಣೆದು ಸುಮಾರು 10.8 ಲಕ್ಷ ಜೋಡಿಗಳ ಅಖಂಡ ಜೀನೋಮನ್ನು ಕಟ್ಟಲಾಯಿತು. ಒಂದೇ ಒಂದು ಅಕ್ಷರ ಬಿಟ್ಟುಹೋದದ್ದರಿಂದ ಇಡೀ ಕೆಲಸ ಹಲವು ವಾರ ನಿಂತುಹೋದದ್ದೂ ಉಂಟು. ಕೊನೆಗೆ ಈ ಜೀನೋಮನ್ನು ಸಮೀಪದ ಇನ್ನೊಂದು ಪ್ರಭೇದವಾದ ಮೈಕೋಪ್ಲಾಸ್ಮ ಕ್ಯಾಪ್ರಿಕೋಲಮ್‌ನ ಕೋಶಕ್ಕೆ ಸೇರಿಸಿದಾಗ, ಆ ಕೋಶವು ಹೊಸ ಜೀನೋಮಿನ ಆಣತಿಯನ್ನು ಪಾಲಿಸುತ್ತ ತನ್ನಂಥವನ್ನೇ ಹಡೆಯತೊಡಗಿತು.

ಇದನ್ನು ಸೃಷ್ಟಿ ಎನ್ನಬಹುದೆ? ಕೋಶಪೊರೆ, ರೈಬೋಸೋಮು, ಕಿಣ್ವಗಳೆಲ್ಲವೂ ಮೊದಲೇ ಇದ್ದ ಜೀವಂತ ಕೋಶದಿಂದ ಬಂದವು. ಬರೆದದ್ದು ಗ್ರಂಥವನ್ನು ಮಾತ್ರ, ಅದೂ ಬಹುಮಟ್ಟಿಗೆ ನಿಸರ್ಗದ ಮೂಲಪ್ರತಿಯ ನಕಲು. ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಕಟ್ಟುವ ಕಾರ್ಯ ಹರಗೋವಿಂದ ಖುರಾನ ಅವರ ತಂಡದಿಂದ 1970ರಲ್ಲೇ ಸಾಧ್ಯವಾಗಿತ್ತು; ಆಗ ಅದರ ಉದ್ದ 77 ಜೋಡಿ. ವೆಂಟರ್ ಸಂಸ್ಥೆಯೇ 2016ರಲ್ಲಿ 473 ವಂಶವಾಹಿಗಳಿಗೆ ಇಳಿಸಿದ ಕನಿಷ್ಠ ಕೋಶವೊಂದನ್ನು ಕಟ್ಟಿತು. ಅವುಗಳಲ್ಲಿ 149ರ ಕಾರ್ಯ ಆಗ ತಿಳಿದಿರಲಿಲ್ಲ. ಬಳಸಿದ ಪದಗಳಲ್ಲಿ ಸುಮಾರು ಮೂರರಲ್ಲೊಂದರ ಅರ್ಥವನ್ನೇ ಅರಿಯದವನನ್ನು ಕವಿ ಎನ್ನುವುದಕ್ಕಿಂತ ಲಿಪಿಕಾರ ಎನ್ನುವುದು ಉಚಿತ.

ಹಾಗಾಗಿಯೇ ದೈವದ ಪ್ರಶ್ನೆ ಬಹುಬೇಗ ತಣಿಯಿತು. ವ್ಯಾಟಿಕನ್ನಿನ ಪತ್ರಿಕೆಯೂ ಎಚ್ಚರಿಕೆ ಬೆರೆತ ಮೆಚ್ಚುಗೆಯನ್ನೇ ಸೂಚಿಸಿತು. ಅಧ್ಯಕ್ಷ ಒಬಾಮ ಅವರ ಕೋರಿಕೆಯಂತೆ ಪರಿಶೀಲನೆ ನಡೆಸಿದ ಆಯೋಗವು 2010ರ ಡಿಸೆಂಬರಿನಲ್ಲಿ 18 ಶಿಫಾರಸುಗಳನ್ನು ನೀಡಿ, ಸಂಶೋಧನೆಗೆ ತಡೆ ಬೇಕಿಲ್ಲವೆಂದಿತು. ಸುರಕ್ಷತೆಯ ಆತಂಕ ಮಾತ್ರ ಹುಸಿಯಲ್ಲ. ನಿಸರ್ಗದ ಅಣುಗಳ ಕನ್ನಡಿಬಿಂಬದಂಥ ಅಣುಗಳಿಂದ ಬ್ಯಾಕ್ಟೀರಿಯವನ್ನು ಕಟ್ಟಬಾರದೆಂದು 2024ರ ಡಿಸೆಂಬರಿನಲ್ಲಿ ಎಚ್ಚರಿಸಿದ 38 ಮಂದಿ ವಿಜ್ಞಾನಿಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ದೀಪಾ ಅಗಾಶೆ ಅವರೂ ಒಬ್ಬರು.

ಇನ್ನು ಕರ್ನಾಟಕದತ್ತ ಬರೋಣ. 1992ರ ಡಿಸೆಂಬರಿನಲ್ಲಿ ರಾಜ್ಯ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ರಾಯಚೂರು ಜಿಲ್ಲೆಯ ಬಿ.ಟಿ. ಹತ್ತಿಯ ಪ್ರಯೋಗದ ತಾಕಿಗೆ ಬೆಂಕಿಯಿಡಲಾಯಿತು. ವಿಧಾನವನ್ನು ಒಪ್ಪದವರೂ ಅದರ ಹಿಂದಿದ್ದ ತರ್ಕವನ್ನು ಗಮನಿಸಬೇಕು. ಬಿ.ಟಿ. ಬೆಳೆಗಳಿಗೆ ಸೇರಿಸಿದ ವಂಶವಾಹಿಯು ಮಣ್ಣಿನ ಬ್ಯಾಕ್ಟೀರಿಯದ ಯಥಾಪ್ರತಿಯಾಗಿರಲಿಲ್ಲ. ಸಸ್ಯಕೋಶ ಸುಲಭವಾಗಿ ಓದುವಂತೆ ಅದರ ಅಕ್ಷರಗಳನ್ನು ಬದಲಿಸಿ ಪ್ರಯೋಗಶಾಲೆಯಲ್ಲಿ ಮರಳಿ ಬರೆಯಲಾಗಿತ್ತು. ಸಂಶ್ಲೇಷಿತ ಅನುಕ್ರಮವು ವೆಂಟರ್ ಅವರಿಗಿಂತ ಎಷ್ಟೋ ಮೊದಲೇ ನಮ್ಮ ಹೊಲಕ್ಕೆ ಬಂದಿತ್ತು.

ಬಿ.ಟಿ. ಬದನೆಯ ವಿಷಯದಲ್ಲಿ ಈ ತರ್ಕ ಇನ್ನಷ್ಟು ಸ್ಪಷ್ಟವಾಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಯೋಜನೆಯಲ್ಲಿ ವಂಶವಾಹಿಯನ್ನು ಸೇರಿಸಲು ಆಯ್ದುಕೊಂಡ ತಳಿಗಳಲ್ಲಿ ಮಲಾಪುರ, ಕುಡಚಿ, ರಬಕವಿ, ಉಡುಪಿಗಳ ಸ್ಥಳೀಯ ಬದನೆಗಳಿದ್ದವು. ಮಟ್ಟುಗುಳ್ಳಕ್ಕೆ ವಾದಿರಾಜರ ಕಥೆಯನ್ನು ತಳುಕು ಹಾಕಿಕೊಂಡಿರುವ ಕರಾವಳಿಗೆ ಇದು ಬರಿಯ ತಾಂತ್ರಿಕ ಸಂಗತಿಯಾಗಿರಲಿಲ್ಲ. ಬೆಂಗಳೂರಿನ ಸಭೆಯಾದ ಮೂರು ದಿನಗಳಲ್ಲಿ, ಫೆಬ್ರವರಿ 9ರಂದು, ಸಚಿವರು ಬಿ.ಟಿ. ಬದನೆಯ ವಾಣಿಜ್ಯ ಬಿಡುಗಡೆಗೆ ತಡೆ ಘೋಷಿಸಿದರು. ಸ್ಥಳೀಯ ತಳಿಗಳನ್ನು ಅನುಮತಿಯಿಲ್ಲದೆ ಬಳಸಿದ ಆರೋಪದ ಮೇಲೆ ಜೀವವೈವಿಧ್ಯ ಕಾಯಿದೆಯಡಿ ಮೊಕದ್ದಮೆಯೂ 2012ರಲ್ಲಿ ದಾಖಲಾಯಿತು.

ಇದನ್ನು ವಿಜ್ಞಾನವಿರೋಧ ಎಂದು ಬಗೆದವರಿದ್ದಾರೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರುಗಳ ಕಾಫಿತೋಟಗಳನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭಗೊಂಡ ಕಾಫಿ ಸಂಶೋಧನಾ ಕೇಂದ್ರವು ರೂಪಿಸಿದ ಎಸ್. 795 ತಳಿಯಲ್ಲಿ ಅರೇಬಿಕದೊಂದಿಗೆ ಲೈಬೀರಿಕ ಎಂಬ ಬೇರೆಯೇ ಪ್ರಭೇದದ ಅಂಶವಿದೆ. ಪ್ರಭೇದಗಳ ಗಡಿ ದಾಟಿದ ಈ ಗಿಡವನ್ನು ಬೆಳೆಗಾರರು ತಲೆಮಾರುಗಳಿಂದ ಯಾವ ತಕರಾರೂ ಇಲ್ಲದೆ ನೆಟ್ಟಿದ್ದಾರೆ. 2007ರಲ್ಲಿ ಬಂದ ಚಂದ್ರಗಿರಿ ತಳಿಯನ್ನೂ ನೆಟ್ಟರು. ಬಿಳಿ ಕಾಂಡಕೊರಕದ ಗಂಡು ಸೂಸುವ ಗಂಧವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, ಹೆಣ್ಣು ಕೀಟವನ್ನು ಸೆಳೆಯಲು ತೋಟದಲ್ಲಿ ಮೋಹಕ ಬಲೆಯಾಗಿ ತೂಗುಹಾಕುವುದೂ ಇಲ್ಲಿ ಪರಿಚಿತವೇ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ದಲ್ಲಿ ವಿಜ್ಞಾನಿಯನ್ನೂ ಮಂದಣ್ಣನನ್ನೂ ಒಂದೇ ಹಾರುವ ಓತಿಯ ಬೆನ್ನುಹತ್ತಿಸಿದವರು, ರೈತ ಚಳವಳಿಯೊಂದಿಗೂ ನಿಂತವರು. ಜೀವದ ಬಗೆಗಿನ ಕೌತುಕಕ್ಕೂ ಬೀಜದ ಬಗೆಗಿನ ಎಚ್ಚರಕ್ಕೂ ಈ ನೆಲದಲ್ಲಿ ವೈರವಿರಲಿಲ್ಲ.

ವ್ಯತ್ಯಾಸವಿರುವುದು ಒಡೆತನದಲ್ಲಿ. ‘ಕರ್ವಾಲೊ’ ಪ್ರಕಟವಾದ 1980ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯ ಮೂಲದ ಆನಂದ ಮೋಹನ್ ಚಕ್ರವರ್ತಿಯವರ ತೈಲಭಕ್ಷಕ ಬ್ಯಾಕ್ಟೀರಿಯ ಪೇಟೆಂಟಿಗೆ ಅರ್ಹವೆಂದು ತೀರ್ಪಿತ್ತಿತು. ಅದೇ ನ್ಯಾಯಾಲಯ 2013ರಲ್ಲಿ ನಿಸರ್ಗಸಹಜ ಡಿಎನ್‌ಎ ಯಾರ ಸ್ವತ್ತೂ ಆಗಲಾರದು, ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಿದ ಪೂರಕ ಡಿಎನ್‌ಎ ಆಗಬಹುದು ಎಂದಿತು. ಅಂದರೆ ‘ಸಂಶ್ಲೇಷಿತ’ ಎಂಬ ವಿಶೇಷಣವೇ ಒಡೆತನದ ಬಾಗಿಲು ತೆರೆಯುವ ಕೀಲಿಕೈ. ಭಾರತದ ಪೇಟೆಂಟ್ ಕಾಯಿದೆಯ 3(ಜೆ) ಕಲಮು ಸಸ್ಯ, ಪ್ರಾಣಿ, ಬೀಜಗಳನ್ನು ಪೇಟೆಂಟಿನಿಂದ ಹೊರಗಿಟ್ಟಿದೆ. ಸೂಕ್ಷ್ಮಜೀವಿಗಳಿಗೆ ಆ ರಕ್ಷಣೆಯಿಲ್ಲ. ಸಂಶ್ಲೇಷಿತ ಜೀವವಿಜ್ಞಾನದ ಬಹುಪಾಲು ಕೆಲಸ ನಡೆಯುವುದು ಸೂಕ್ಷ್ಮಜೀವಿಗಳಲ್ಲಿಯೇ.

ಇದರ ಪರಿಣಾಮ ಮಲೆನಾಡಿಗೆ ಹೇಗೆ ತಟ್ಟಬಲ್ಲದೆಂಬುದಕ್ಕೆ ವೆನಿಲ್ಲಾ ಒಂದು ನಿದರ್ಶನ. 2003ರ ಸುಮಾರಿಗೆ ಹಸಿ ಕೋಡಿಗೆ ಕಿಲೋವೊಂದಕ್ಕೆ ಸಾವಿರಾರು ರೂಪಾಯಿ ಬಂದಾಗ ಕಾಫಿ, ಅಡಕೆ ತೋಟಗಳ ನಡುವೆ ಬಳ್ಳಿ ಹಬ್ಬಿಸಿ, ಒಂದೊಂದು ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಿ, ರಾತ್ರಿ ಕಾವಲು ಕಾದ ಬೆಳೆಗಾರರು, ಬೆಲೆ ಕುಸಿದಾಗ ಬಳ್ಳಿಯನ್ನು ಕಿತ್ತೆಸೆದರು. ಆ ಕುಸಿತಕ್ಕೂ ಸಂಶ್ಲೇಷಿತ ಜೀವವಿಜ್ಞಾನಕ್ಕೂ ಸಂಬಂಧವಿಲ್ಲ. ಆದರೆ ಸಕ್ಕರೆಯಿಂದ ವೆನಿಲಿನ್ ತಯಾರಿಸುವಂತೆ ವಂಶವಾಹಿಗಳನ್ನು ಅಳವಡಿಸಿದ ಯೀಸ್ಟ್‌ನ ಉತ್ಪನ್ನ 2014ರಲ್ಲಿ ಮಾರುಕಟ್ಟೆಗೆ ಬಂದಿತು. 2021ರಲ್ಲಿ ಫಿನ್ಲೆಂಡಿನ ಸಂಶೋಧನಾ ಸಂಸ್ಥೆಯೊಂದು ಕಾಫಿಯ ಕೋಶಗಳನ್ನೇ ತೊಟ್ಟಿಯಲ್ಲಿ ಬೆಳೆಸಿ, ಹುರಿದು, ಕುಡಿದು ನೋಡಿತು. ಅದು ಸಂಶ್ಲೇಷಿತ ಜೀವವಲ್ಲ. ಆದರೂ ತೋಟವಿಲ್ಲದ ಕಾಫಿ ಎಂಬ ದಿಕ್ಕು ಅದರಲ್ಲಿದೆ.

ಬಾಬಾಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಕಾಫಿಯ ಆದಿಯಲ್ಲೇ ಒಡೆತನ ಮೀರಿದ ಬೀಜವೊಂದಿದೆಯೆಂಬುದನ್ನು ಮರೆತು ಮಾತನಾಡುವುದು ಪ್ರಾಮಾಣಿಕವಾಗದು. ಇಂದು ಬೀಜವನ್ನು ಬಚ್ಚಿಟ್ಟು ತರುವ ಅಗತ್ಯವೂ ಉಳಿದಿಲ್ಲ. ಅರೇಬಿಕದ ವಿಸ್ತೃತ ಜೀನೋಮು 2024ರಲ್ಲಿ ಪ್ರಕಟವಾಗಿದ್ದು, ಬೇಕಾದ ವಂಶವಾಹಿಯನ್ನು ಅಕ್ಷರಗಳಿಂದಲೇ ಮರಳಿ ಕಟ್ಟಿಕೊಳ್ಳಬಹುದು. ಇಂಥ ಅನುಕ್ರಮಗಳಿಂದ ಲಾಭ ಪಡೆವ ಕಂಪನಿಗಳು ಜೀವವೈವಿಧ್ಯದ ರಕ್ಷಣೆಗೆ ಪಾಲು ಕೊಡಲೆಂದು ವಿಶ್ವಸಂಸ್ಥೆಯ ಜೀವವೈವಿಧ್ಯ ಒಪ್ಪಂದದಡಿ 2025ರ ಫೆಬ್ರವರಿಯಲ್ಲಿ ‘ಕ್ಯಾಲಿ ನಿಧಿ’ ಆರಂಭವಾಯಿತು. ಲಾಭದ ಶೇ. 1 ಅಥವಾ ವಹಿವಾಟಿನ ಶೇ. 0.1 ಎಂಬುದು ಅದು ಸೂಚಿಸಿದ ಪ್ರಮಾಣ. ಕನಿಷ್ಠ ಅರ್ಧಭಾಗ ಮೂಲನಿವಾಸಿಗಳಿಗೂ ಸ್ಥಳೀಯ ಸಮುದಾಯಗಳಿಗೂ ತಲುಪಬೇಕೆಂಬುದು ಆಶಯ. ಕೊಡುವುದು, ಬಿಡುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು.