ಮುಳ್ಳು ಸುಳ್ಳು ಹೇಳಿದಾಗ: ಗಾಡಿಯ ಇಂಧನ ಮಾಪಕದ ದೋಷ ಮತ್ತು ದುರಸ್ತಿ



ಕಳೆದ ಕೊಯ್ಲಿನ ದಿನಗಳಲ್ಲಿ ಅಡಿಕೆ ಚೀಲ ಹೇರಿಕೊಂಡು ಹಾನಗಲ್ಲ ಮಾರ್ಗವಾಗಿ ಶಿರಸಿಗೆ ಹೊರಡಬೇಕಿದ್ದ ನಮ್ಮ ಹಳೆಯ ಡೀಸೆಲ್ ಜೀಪು, ಕರ್ಜಗಿ ದಾಟುವ ಮೊದಲೇ ನಡುರಾತ್ರಿ ನಿಂತುಬಿಟ್ಟಿತು. ಮಾಪಕದ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿತ್ತು. ಟ್ಯಾಂಕಿನಲ್ಲಿ ಒಂದು ಹನಿಯೂ ಇರಲಿಲ್ಲ. ಡೀಸೆಲ್ ಎಲ್ಲಿ ಹೋಯಿತೆಂಬ ಪ್ರಶ್ನೆ ಎದ್ದಿತು. ಸಂಶಯ ನೇರವಾಗಿ ಚಾಲಕನ ಮೇಲೆ ಬಿದ್ದಿತು. “ಸಾಹೇಬ್ರ, ಎಣ್ಣಿ ನಾ ಮುಟ್ಟಿಲ್ರೀ, ಮುಳ್ಳ ಸುಳ್ಳ ಹೇಳತೈತಿ” ಎಂದು ಆತ ಎಷ್ಟು ಹೇಳಿದರೂ ನಾವು ನಂಬಲಿಲ್ಲ. ಸಂಬಳದಲ್ಲಿ ಮುರಿದುಕೊಳ್ಳುವ ಆದೇಶವನ್ನೂ ಬರೆದಿಟ್ಟೆವು. ಆತ ಹೇಳಿದ್ದೇ ನಿಜವಾಗಿತ್ತು. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮಾಪಕ ಕೆಲಸ ಮಾಡುವ ಬಗೆ ಸರಳವಾದುದು. ಟ್ಯಾಂಕಿನೊಳಗೆ ಒಂದು ತೇಲುಬುಂಡೆ ಇರುತ್ತದೆ. ಮೆಕ್ಯಾನಿಕರು ಇದನ್ನು ಫ್ಲೋಟ್ ಎನ್ನುತ್ತಾರೆ. ಅದು ಏರಿಳಿದಂತೆ ಅದರ ಕೈ ಒಂದು ರೋಧಕದ ಪಟ್ಟಿಯ ಮೇಲೆ ಸರಿಯುತ್ತದೆ. ಹೀಗೆ ವಿದ್ಯುತ್ತಿನ ಹರಿವು ಹೆಚ್ಚು ಕಡಿಮೆಯಾಗಿ, ಚಾಲಕನ ಎದುರಿನ ಮುಳ್ಳು ಕದಲುತ್ತದೆ. ಆದ್ದರಿಂದ ದೋಷ ಇರಬಹುದಾದ ಜಾಗಗಳು ನಾಲ್ಕೇ: ಫ್ಯೂಸ್ ಮತ್ತು ವಿದ್ಯುತ್ ಪೂರೈಕೆ, ವೈರು ಮತ್ತು ಅರ್ತಿಂಗ್, ಮಾಪಕ, ಟ್ಯಾಂಕಿನೊಳಗಿನ ಘಟಕ.

ಮೊದಲು ಫ್ಯೂಸ್ ನೋಡಬೇಕು. ಇಂಧನದ ಮುಳ್ಳಿನೊಂದಿಗೆ ಎಂಜಿನ್ ಬಿಸಿಯ ಮುಳ್ಳೂ ತಪ್ಪು ತೋರಿಸುತ್ತಿದ್ದರೆ, ಎರಡಕ್ಕೂ ಸಮಾನವಾದ ಪೂರೈಕೆಯಲ್ಲಿ ತೊಂದರೆಯಿದೆ ಎಂದರ್ಥ. ಹಳೆಯ ಹಲವು ಗಾಡಿಗಳಲ್ಲಿ ಇದಕ್ಕಾಗಿಯೇ ಒಂದು ಸಣ್ಣ ವೋಲ್ಟೇಜ್ ಸ್ಟೆಬಿಲೈಸರ್ ಇರುತ್ತದೆ. ಹೆಡ್‌ಲೈಟ್ ಹಾಕಿದಾಗ ಅಥವಾ ಬ್ರೇಕ್ ಒತ್ತಿದಾಗ ಮುಳ್ಳು ಕದಲಿದರೆ, ಬಹುಮಟ್ಟಿಗೆ ಅರ್ತಿಂಗ್ ಸಡಿಲವಾಗಿರುತ್ತದೆ. ನಮ್ಮ ಕಡೆ ಮಳೆ, ಕೆಸರುಗಳಿಂದ ಟ್ಯಾಂಕಿನ ಬಳಿಯ ಅರ್ತಿಂಗ್ ವೈರಿನ ತುದಿ ತುಕ್ಕು ಹಿಡಿಯುವುದು ಸಾಮಾನ್ಯ. ಅದನ್ನು ಮರಳು ಕಾಗದದಿಂದ ಉಜ್ಜಿ, ಬಿಗಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಅಷ್ಟರಿಂದಲೂ ಸರಿಯಾಗದಿದ್ದರೆ ಹಳೆಯ ಮಾದರಿಯ ಗಾಡಿಗಳಲ್ಲಿ ಹೀಗೆ ಪರೀಕ್ಷಿಸಬೇಕು. ಕೀಲಿ ಬಂದ್ ಇರುವಾಗಲೇ ಟ್ಯಾಂಕಿನ ಘಟಕಕ್ಕೆ ಬರುವ ವೈರನ್ನು ಬಿಡಿಸಿ, ನಂತರ ಕೀಲಿ ತಿರುಗಿಸಿ ಮುಳ್ಳು ನೋಡಿರಿ. ಅದು ಒಂದು ತುದಿಗೆ ಹೋಗಬೇಕು. ಮತ್ತೆ ಕೀಲಿ ಬಂದ್ ಮಾಡಿ, ಆ ವೈರನ್ನು 12 ವೋಲ್ಟಿನ ಸಣ್ಣ ಬಲ್ಬಿನ ಮೂಲಕ ಗಾಡಿಯ ಕಬ್ಬಿಣಕ್ಕೆ ಜೋಡಿಸಿ, ಕೀಲಿ ತಿರುಗಿಸಿರಿ. ಈಗ ಮುಳ್ಳು ಇನ್ನೊಂದು ತುದಿಯ ಕಡೆಗೆ ಸರಿಯಬೇಕು. ಯಾವ ತುದಿ ಮೊದಲು ಎಂಬುದು ಗಾಡಿಯ ತಯಾರಿಕೆಯನ್ನು ಅವಲಂಬಿಸಿದೆ. ಮುಳ್ಳು ಎರಡೂ ಕಡೆ ಓಡಾಡಿದರೆ ಮಾಪಕವೂ ವೈರೂ ಸರಿ, ದೋಷ ಟ್ಯಾಂಕಿನೊಳಗಿದೆ. ಕದಲದಿದ್ದರೆ ವೈರು ಎಲ್ಲೋ ತುಂಡಾಗಿದೆ, ಇಲ್ಲವೆ ಮಾಪಕ ಕೆಟ್ಟಿದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಗಾಡಿಗಳಿಗೆ ಈ ಪರೀಕ್ಷೆ ಸಲ್ಲದು. ಅವುಗಳನ್ನು ವರ್ಕ್‌ಶಾಪಿಗೇ ಒಯ್ಯಬೇಕು.

ಟ್ಯಾಂಕಿನ ಘಟಕ ಬಿಚ್ಚುವಾಗ ಎಚ್ಚರಿಕೆ ಅಗತ್ಯ. ಪೆಟ್ರೋಲ್ ಗಾಡಿಯಾದರಂತೂ ಹೇಳಬೇಕಾದುದೇ ಇಲ್ಲ. ಬಯಲಿನಲ್ಲಿ, ಬ್ಯಾಟರಿಯ ಋಣ ತಂತಿ ಕಳಚಿ, ಟ್ಯಾಂಕ್ ಆದಷ್ಟು ಖಾಲಿಯಿರುವಾಗ ಬಿಚ್ಚಬೇಕು. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಬಳೆಯನ್ನು ಸಡಿಲಿಸಲು ಹಿತ್ತಾಳೆಯ ಅಥವಾ ಮರದ ತುಂಡು ಬಳಸಿರಿ. ಉಕ್ಕಿನ ಸುತ್ತಿಗೆಯಿಂದ ಕಿಡಿ ಹಾರುವ ಭಯವುಂಟು.

ಹೊರತೆಗೆದ ಬುಂಡೆಯನ್ನು ಕಿವಿಯ ಬಳಿ ಅಲುಗಿಸಿರಿ. ಒಳಗೆ ದ್ರವದ ಸದ್ದು ಬಂದರೆ ತೂತು ಬಿದ್ದು ಮುಳುಗುತ್ತಿದೆ, ಹೊಸದನ್ನು ಹಾಕಬೇಕು. ಅದಕ್ಕೆ ಬೆಸುಗೆ ಹಾಕುವ ಸಾಹಸ ಬೇಡ. ಮಲ್ಟಿಮೀಟರ್ ಹಚ್ಚಿ ಕೈಯನ್ನು ನಿಧಾನವಾಗಿ ಎತ್ತಿ ಇಳಿಸಿರಿ. ಅಂಕಿ ಒಂದೇ ಸಮನೆ ಬದಲಾಗಬೇಕು. ನಡುವೆ ಹಾರಿದರೆ ಪಟ್ಟಿ ಸವೆದಿದೆ. ಮರಳಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕುವುದು ಕಡ್ಡಾಯ.

ನಮ್ಮ ಜೀಪಿನಲ್ಲಿ ಟ್ಯಾಂಕಿನ ತುಕ್ಕಿನ ಹುಡಿ ಕೀಲಿನಲ್ಲಿ ಸೇರಿ, ಕೈ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿದ್ದು ಅರ್ಧ ಗಂಟೆಯ ಕೆಲಸ. ಆದರೆ ಡೀಸೆಲ್ ಪೂರ್ತಿ ಮುಗಿದು ಪೈಪುಗಳಲ್ಲಿ ಗಾಳಿ ಸೇರಿದ್ದರಿಂದ, ಅದನ್ನು ಹೊರಬಿಟ್ಟು ಎಂಜಿನ್ ಚಾಲೂ ಮಾಡಲು ಆ ರಾತ್ರಿ ಸಾಕಷ್ಟು ಹೆಣಗಬೇಕಾಯಿತು.

ಲಾಗ್ ಪುಸ್ತಕವನ್ನು ನಾವು ಮೊದಲೇ ತೆರೆದು ನೋಡಬೇಕಿತ್ತು. ಟ್ಯಾಂಕ್ ತುಂಬಿಸಿದ ಲೀಟರುಗಳನ್ನು ಓಡಿದ ಕಿಲೋಮೀಟರುಗಳೊಂದಿಗೆ ತಾಳೆ ಹಾಕಿದಾಗ, ಲೀಟರಿಗೆ ಹಿಂದಿನ ತಿಂಗಳುಗಳ ಸರಾಸರಿಯೇ ಬಂದಿತು. ಹನಿ ಡೀಸೆಲ್ ಕೂಡ ಕಳುವಾಗಿರಲಿಲ್ಲ. ಆದೇಶವನ್ನು ಹರಿದು ಹಾಕಿ, ಆಡಳಿತ ಮಂಡಳಿಯ ಸಭೆಯಲ್ಲಿ ಚಾಲಕನ ಎದುರಿಗೇ ನಮ್ಮ ತಪ್ಪು ಒಪ್ಪಿಕೊಂಡೆವು.

ಘಟ್ಟದ ಏರಿಳಿತದಲ್ಲಿ ಸರಿಯಾದ ಮಾಪಕವೂ ತಪ್ಪು ತೋರಿಸುವುದುಂಟು. ಕಾಫಿ ತೋಟಗಳಿಗೆ ಗಾಡಿ ಒಯ್ಯುವ ಸದಸ್ಯರು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಮುಳ್ಳು ನೋಡಬೇಕು. ಪ್ರತಿ ಸಲ ಇಂಧನ ಹಾಕಿದಾಗ ಲೀಟರು, ಕಿಲೋಮೀಟರು ಬರೆದಿಡಬೇಕೆಂದು ಎಲ್ಲ ಸದಸ್ಯರಲ್ಲಿ ನಮ್ಮ ವಿನಂತಿ. ಕೆಟ್ಟ ಮುಳ್ಳನ್ನು ಸರಿಪಡಿಸಬಹುದು. ದುಡಿಯುವವನ ಮೇಲೆ ಹೊರಿಸಿದ ಸುಳ್ಳು ಆಪಾದನೆಯನ್ನು ತೊಳೆಯುವುದು ಅಷ್ಟು ಸುಲಭವಲ್ಲ.