ಪಹಣಿ ಇಲ್ಲದವನಿಗೆ ಜಾಮೀನು ಹೇಗೆ?

ಮಗನಿಗೆ ಜಾಮೀನು ಮಂಜೂರಾಗಿದೆ ಅಂತ ವಕೀಲರು ಹೇಳಿ ಹತ್ತು ದಿನ ಕಳೆದರೂ ಅವನು ಮನೆಗೆ ಬಂದಿಲ್ಲವೆಂದರೆ ನಾವು ಏನೆಂದುಕೊಳ್ಳುತ್ತೇವೆ? ಕೇಸು ದೊಡ್ಡದಿರಬೇಕು ಅಂತ. ಅನೇಕ ಸಲ ಕೇಸು ದೊಡ್ಡದಲ್ಲ, ಮನೆ ಸಣ್ಣದು. ಕೋರ್ಟು ಶ್ಯೂರಿಟಿ ಕೇಳುತ್ತದೆ, ಶ್ಯೂರಿಟಿ ನಿಲ್ಲುವವರ ಹೆಸರಲ್ಲಿ ಪಹಣಿ, ತೀರ್ವೆ ರಶೀದಿ ಬೇಕು. ದಕ್ಕೆಯಲ್ಲಿ ಮೀನು ಹೊರುವವರ, ಬಾಡಿಗೆ ಮನೆಯಲ್ಲಿ ಬೀಡಿ ಕಟ್ಟುವವರ ಕುಟುಂಬದಲ್ಲಿ ಅದು ಯಾರ ಹತ್ತಿರ ಉಂಟು? ಜಾಗ ಇರುವ ಕಾಕನವರಲ್ಲಿ ಕೇಳಿದರೆ "ನೋಡುವ" ಅನ್ನುತ್ತಾರೆ. ಅವರದೂ ತಪ್ಪಲ್ಲ, ಆರೋಪಿ ಕೋರ್ಟಿಗೆ ತಪ್ಪಿಸಿಕೊಂಡರೆ ಹಣ ಕಟ್ಟಬೇಕಾದವರು ಅವರೇ. ನಮ್ಮಲ್ಲಿ ಮದುವೆಗೆ, ಆಸ್ಪತ್ರೆಗೆ ಜಮಾಅತ್‌ನಲ್ಲಿ ಹಣ ಒಟ್ಟಾಗುತ್ತದೆ, ಜೈಲಿನ ವಿಷಯ ಬಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ.

ಇದು ಹೊಸ ಸಂಕಟವೇನಲ್ಲ. ಮಧ್ಯಪ್ರದೇಶದ ಮೋತಿರಾಮ್ ಎಂಬ ಬಡ ಗಾರೆ ಕೆಲಸದವರಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಆದರೆ ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಒಡಹುಟ್ಟಿದವರು ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ಮತ್ತೆ ದಿಲ್ಲಿಗೇ ಹೋಗಬೇಕಾಯಿತು. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ, 1,000 ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಬಿಡಿ ಎಂದಿತು.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಎಲ್ಲರೂ ಬಡವರೆಂದು ನಾವು ಹೇಳುವುದಿಲ್ಲ. ಆದರೆ ಹಣ ಇದ್ದವನ ಹಿಂದೆ ಠಾಣೆಗೇ ವಕೀಲರು ಬರುತ್ತಾರೆ, ಇಲ್ಲದವನ ಉಮ್ಮ ಠಾಣೆಯ ಗೇಟಿನ ಹೊರಗೆ ನಿಲ್ಲುತ್ತಾರೆ. ಬಂಧನದ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ಸಂವಿಧಾನದ 22ನೇ ವಿಧಿ ಇಬ್ಬರಿಗೂ ಒಂದೇ. ಕೇಳುವ ಧೈರ್ಯ ಒಬ್ಬನಿಗೆ ಮಾತ್ರ.

ಹೆಚ್ಚಿನವರಿಗೆ ತಿಳಿಯದ ವಿಷಯ ಇನ್ನೊಂದುಂಟು. ಬೇಲೆಬಲ್ ಕೇಸಿನಲ್ಲಿ ಬಂಧನವಾಗಿ ಒಂದು ವಾರದೊಳಗೆ ಶ್ಯೂರಿಟಿ ಕೊಡಲಾಗದಿದ್ದರೆ, ಆತನನ್ನು ಬಡವನೆಂದೇ ಪರಿಗಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 478ನೇ ಕಲಂ ನೋಡಿ. ಉಳಿದ ಕೇಸುಗಳಿಗೆ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿರ್ದೇಶನ ಕೊಟ್ಟಿದೆ: ಜಾಮೀನು ಸಿಕ್ಕಿಯೂ 7 ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ತಾನಾಗಿಯೇ ಪರಿಶೀಲಿಸಬಹುದು.

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಫೋನು ಮಾಡುವಾಗ ಠಾಣೆಯ ಹೆಸರು, ಕ್ರೈಂ ನಂಬರು, ಜಾಮೀನು ಆದೇಶದ ತಾರೀಕು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.