ಕಿಟಕಿ ಸೀಟಿನ ಜಗಳ ಕನ್ನಡದಲ್ಲೇ!

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರೋ ಬೆಳಗಿನ ಬಸ್ ಹತ್ತಿ ನೋಡಿ. ಕಾಲೇಜು ಹುಡುಗರು ಕಿಟಕಿ ಸೀಟಿಗೆ ಕಿತ್ತಾಡೋದು ಕನ್ನಡದಲ್ಲಿ. ಮನೆಯಿಂದ ಫೋನ್ ಬಂದರೆ ಒಬ್ಬನದು ತಮಿಳು, ಇನ್ನೊಬ್ಬನದು ಉರ್ದು, ಹಿಂದಿನ ಸೀಟಿನವಳದು ತೆಲುಗು!

ಇದೇನು ನಿನ್ನೆ ಮೊನ್ನೆಯದಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ ಕೆಲಸ ಹುಡುಕಿ ಬಂದವರಿಂದ ಬೆಳೆದ ಊರು ಭದ್ರಾವತಿ. ಒಂದೇ ಪಾಳಿಯಲ್ಲಿ ದುಡಿದವರ ಮೊಮ್ಮಕ್ಕಳು ಈ ಹುಡುಗರು.

ಆದರೆ 2022ರ ಫೆಬ್ರವರಿಯನ್ನು ಮರೆಯೋದು ಹೇಗೆ? ಉಡುಪಿಯಲ್ಲಿ ಎದ್ದ ಹಿಜಾಬ್-ಕೇಸರಿ ಶಾಲು ಗಲಾಟೆ ಇಲ್ಲಿಗೂ ಬಂತು. 8ನೇ ತಾರೀಖು ಶಿವಮೊಗ್ಗದ ಸರ್ಕಾರಿ ಕಾಲೇಜಿನ ಧ್ವಜಸ್ತಂಭ ಹತ್ತಿ ಕೇಸರಿ ಬಾವುಟ ಕಟ್ಟಿದರು. ಕಲ್ಲು ತೂರಾಟ, 144ನೇ ಸೆಕ್ಷನ್. ಮರುದಿನದಿಂದ ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೇ ಮೂರು ದಿನ ರಜೆ. ಮಾರ್ಚ್ 15ರಂದು ಹೈಕೋರ್ಟು ಸರ್ಕಾರದ ಸಮವಸ್ತ್ರ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳದು ಎರಡು ತೀರ್ಪು.

ಕೋರ್ಟಿನ ಮಾತು ಕೋರ್ಟಿಗಿರಲಿ. ಒಟ್ಟಿಗೆ ನೋಟ್ಸ್ ಬರೆದುಕೊಂಡವರು ಮುಖ ತಿರುಗಿಸಿಕೊಂಡು ಕೂತರಲ್ಲ, ಅದಕ್ಕೆ ಯಾವ ಕೋರ್ಟಿದೆ ಸ್ವಾಮಿ? ಗಲಾಟೆ ಅಂದಾಗ ಮೊದಲು ಷಟರ್ ಎಳೆಯೋ ಅಂಗಡಿಯವರಿಗೆ ಇದರ ಬಿಸಿ ಗೊತ್ತು.

ಕಳೆದ ರಂಜಾನಿನಲ್ಲಿ ಒಂದು ಬೆಳಗ್ಗೆ, ಬಸ್ ಮಾಚೇನಹಳ್ಳಿ ದಾಟುತ್ತಿತ್ತು. ಹುಡುಗಿಯೊಬ್ಬಳು ತಿಂಡಿ ಡಬ್ಬಿ ತೆಗೆದವಳು, ಪಕ್ಕದ ಬುರ್ಖಾದ ಗೆಳತಿಯನ್ನು ನೋಡಿ ಮುಚ್ಚಿಬಿಟ್ಟಳು.

“ತಿನ್ನೇ ಮಾರಾಯ್ತಿ, ಉಪವಾಸ ನಂದು, ನಿಂದಲ್ಲ. ಇವತ್ತು ಟೆಸ್ಟ್ ಬೇರೆ ಇದೆ” ಅಂದಳು ಗೆಳತಿ.

ಡಬ್ಬಿ ತೆರೆಯಿತು. ಚಿತ್ರಾನ್ನ!